ನೇರಳೆ ಕಂಡದ್ದೆಲ್ಲ ಅತಿನೇರಳೆ ಅಲ್ಲ

ಕೇಳುಗರೇ, ನಮಸ್ಕಾರ.

ಒಂದು ಗಾಜಿನ ಲೋಟಕ್ಕೆ ಟಾನಿಕ್ ವಾಟರ್, ಅಂದರೆ ಕಹಿ ರುಚಿಯ ಸೋಡಾ, ಸುರಿಯಿರಿ. ಕೋಣೆಯ ದೀಪ ಆರಿಸಿ, ಕಣ್ಣಿಗೆ ಕಾಣದ ಅತಿನೇರಳೆ (ಯುವಿ) ಬೆಳಕಿನ ಟಾರ್ಚ್ ಹಿಡಿಯಿರಿ. ಬರೀ ನೀರಿನ ಹಾಗಿದ್ದದ್ದು ತಿಳಿನೀಲಿಯಾಗಿ ಹೊಳೆಯುತ್ತದೆ. ಅದು ಒಳಗಿರುವ ಕ್ವಿನೈನ್ ಎಂಬ ಕಹಿ ಪದಾರ್ಥದ ಕೆಲಸ. ಈಗ ಒಂದು ಚಮಚ ಉಪ್ಪು ಹಾಕಿ ಕಲಕಿ. ನೋಡುತ್ತಿದ್ದಂತೆ ಹೊಳಪು ಮಂಕಾಗುತ್ತದೆ. ಕ್ವಿನೈನ್ ಹೀರಿಕೊಂಡ ಶಕ್ತಿ ಬೆಳಕಾಗಿ ಹೊರಬರದಂತೆ ಉಪ್ಪಿನ ಕ್ಲೋರೈಡ್ ತಡೆಯುತ್ತದೆ.

ಇಷ್ಟಕ್ಕೆ ದುಬಾರಿ ದೀಪ ಬೇಕಿಲ್ಲ. ಆದರೆ ಯಾವ ಟಾರ್ಚ್ ಅನ್ನುವುದು ಮುಖ್ಯ. ನಾನು ಮೊದಲು ಕೊಂಡದ್ದು 395 ನ್ಯಾನೋಮೀಟರ್ ತರಂಗಾಂತರದ ಬೆಳಕಿನದು. ಹಚ್ಚಿದರೆ ಕೋಣೆಯೆಲ್ಲ ನೇರಳೆ! ಖುಷಿಯೋ ಖುಷಿ. ಆದರೆ ಆ ನೇರಳೆಯಲ್ಲೇ ಕ್ವಿನೈನ್ ಹೊಳಪು ಮುಳುಗಿಹೋಯಿತು. ಆಮೇಲೆ 365ರದು ತಂದೆ. ಹಚ್ಚಿದರೆ ಮಂಕು ಬಿಳಿ ಬೆಳಕು, ಕೆಟ್ಟುಹೋಗಿದೆಯೇನೋ ಅನ್ನಿಸುವಷ್ಟು. ಲೋಟಕ್ಕೆ ಹಿಡಿದಾಗ ಮಾತ್ರ ಅದರ ನಿಜವಾದ ತಾಕತ್ತು ಗೊತ್ತಾಯಿತು. ಮೂತಿಗೆ, ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ ಕಪ್ಪು ಫಿಲ್ಟರ್ ಗಾಜು ಇರುವ ಟಾರ್ಚ್ ಸಿಕ್ಕರೆ ಇನ್ನೂ ಒಳ್ಳೆಯದು.

ನೇರಳೆ ಬಣ್ಣ ಬಳಿದ ಹಳೇ ತಂತಿ ಬಲ್ಬು ಕೊಳ್ಳಲೇಬೇಡಿ. ಅದು ಕೊಡುವುದು ಬಿಸಿ ಜಾಸ್ತಿ, ಅತಿನೇರಳೆ ತೀರಾ ಕಡಿಮೆ. ಉಗುರು ಬಣ್ಣ ಒಣಗಿಸುವ ಪುಟ್ಟ ದೀಪ ಬೆಳಕಿಗೆ ಬಣ್ಣ ಬದಲಿಸುವ ರಾಸಾಯನಿಕ ಬಳಿದ ಅಗಲವಾದ ಕಾಗದಕ್ಕೆ ಚೆನ್ನಾಗಿ ಒದಗುತ್ತದೆ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ನೀಲಿ ಚಿತ್ರಗಳನ್ನು ಅದರಲ್ಲೇ ಮಾಡಬಹುದು. ಅವರು ನೆಚ್ಚಿಕೊಂಡದ್ದು ಬಿಸಿಲನ್ನು. ಅದು ಇವತ್ತಿಗೂ ಬಿಟ್ಟಿ, ಅಲ್ವಾ?

ಇನ್ನು ರೋಗಾಣು ಕೊಲ್ಲುವ 254ರ ಪಾದರಸ ದೀಪ. ಮನೆಯಲ್ಲಿ ತೆರೆದಿಟ್ಟು ಪ್ರಯೋಗ ಮಾಡುವ ವಸ್ತು ಅದಲ್ಲ. ದೊಡ್ಡ ಪಾದರಸ ಬಲ್ಬಿನ ಹೊರಗಾಜು ಒಡೆದು ಅಗ್ಗದಲ್ಲಿ ಅತಿನೇರಳೆ ಪಡೆಯುವ ಸಾಹಸವೂ ಬೇಡ. ಅಪಾಯದ ಕಿರಣವನ್ನು ತಡೆಯುತ್ತಿದ್ದದ್ದೇ ಆ ಗಾಜು. ಉರಿ ತಕ್ಷಣ ಗೊತ್ತಾಗುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ, ಕಣ್ಣಿಗೆ ಮರಳು ಎರಚಿದ ಹಾಗೆ ಶುರುವಾಗುತ್ತದೆ.

365ಕ್ಕೂ ಕನ್ನಡಕ ಹಾಕಿಕೊಳ್ಳಿ. ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ಕಿನ ಕನ್ನಡಕ ಸಾಕು. ಅದು ನಿಜವಾಗಿ ತಡೆಯುತ್ತದೆಯೋ ಇಲ್ಲವೋ ನೋಡುವುದು ಸುಲಭ. ಉಪ್ಪು ಹಾಕದ ಟಾನಿಕ್ ವಾಟರ್ ಇನ್ನೊಂದು ಲೋಟಕ್ಕೆ ಸುರಿಯಿರಿ. ಟಾರ್ಚಿಗೂ ಲೋಟಕ್ಕೂ ನಡುವೆ ಕನ್ನಡಕ ಹಿಡಿಯಿರಿ. ನೀಲಿ ಹೊಳಪು ಆರಿಹೋದರೆ, ಅದನ್ನು ಹಾಕಿಕೊಂಡು ಕೆಲಸ ಶುರು ಮಾಡಿ.