ಬಂಡೆಯ ಸಂದಿಯಿಂದ ಕಿಟಕಿಯ ಕಟ್ಟೆಗೆ

ಕೇಳುಗರಿಗೆ ನಮಸ್ಕಾರ.

ಚಿತ್ರದುರ್ಗದ ಕೋಟೆ ಹತ್ತುವಾಗ, ಬಂಡೆಯ ಸಂದಿಯ ಹಿಡಿ ಮಣ್ಣನ್ನೇ ನೆಚ್ಚಿಕೊಂಡು ಮಳೆಗಾಲದಲ್ಲಿ ಚಿಗುರಿ, ಒಣಹವೆ ಬಂದೊಡನೆ ಮುದುಡುವ ಗಿಡಗಳನ್ನು ನೀವು ಕಂಡಿರಬಹುದು. ಮೆಕ್ಸಿಕೋದ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಹೆಚ್ಚುಕಡಿಮೆ ಇಂಥದೇ ಬದುಕು ನಡೆಸುವ ಕೀಟಾಹಾರಿ ಸಸ್ಯವೊಂದಿದೆ. ಅದರ ಹೆಸರು ಪಿಂಗ್ವಿಕ್ಯುಲ, ರೂಢಿಯಲ್ಲಿ ಬಟರ್‌ವರ್ಟ್. ಲ್ಯಾಟಿನ್ನಿನ ‘ಪಿಂಗ್ವಿಸ್’ ಎಂದರೆ ಜಿಡ್ಡಿನದು. ಎಲೆಯನ್ನು ಮುಟ್ಟಿ ನೋಡಿದರೆ ಬೆಣ್ಣೆ ಸವರಿದಂತಿರುತ್ತದೆ. ಪಕ್ಕದ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಯಿ ತೆರೆದು ನೊಣ ಹಿಡಿಯುವ ಗಿಡವನ್ನು ನಿರೀಕ್ಷಿಸಿದವರಿಗೆ ಇದು ತುಸು ನಿರಾಸೆ ತಂದೀತು. ಭೂತಗನ್ನಡಿಯಲ್ಲಿ ನೋಡಿದರೆ ಎಲೆಯ ಮೇಲೆ ಸಣ್ಣ ಕಾಂಡಗಳ ತುದಿಯಲ್ಲಿ ಅಂಟಿನ ಹನಿಗಳು ಕಾಣುತ್ತವೆ. ಕುಂಡದ ಮಣ್ಣಿನಿಂದ ಏಳುವ ಕರಿ ಗುಂಗುರು ಕೂತರೆ ಕಾಲು ಅಂಟುತ್ತದೆ, ಒದ್ದಾಡಿದಷ್ಟೂ ಅಂಟು ಮೆತ್ತಿಕೊಳ್ಳುತ್ತದೆ. ಕಾಂಡವಿಲ್ಲದ ಬೇರೆ ಗ್ರಂಥಿಗಳು ಜೀರ್ಣರಸ ಸುರಿಸಿ ಕರಗಿಸಿಕೊಳ್ಳುತ್ತವೆ. ಈ ಕುಲದ ಯೂರೋಪಿನ ಗಿಡದ ಎಲೆಯಂಚು ಕೀಟದ ಮೇಲೆ ನಿಧಾನವಾಗಿ ಸುರುಳುವುದನ್ನು ಡಾರ್ವಿನ್ 1875ರಲ್ಲೇ ವಿವರಿಸಿದ್ದರು.

ಕೀಟಾಹಾರಿ ಗಿಡಗಳೆಲ್ಲ ಜೌಗಿನವು ಎಂಬ ನಂಬಿಕೆಯೇ ಇವನ್ನು ಕೊಲ್ಲುವುದು. ಮಾಗಿಯ ಚಳಿಯಲ್ಲಿ ನನ್ನ ಗಿಡ ಅಂಟಿಲ್ಲದ, ದಪ್ಪನೆಯ ಪುಟ್ಟ ಎಲೆಗಳ ಗುಬುಟಾಗಿ ಕುಗ್ಗಿದಾಗ, ಬಾಯಾರಿದೆಯೆಂದು ಭಾವಿಸಿ ನೀರೆರೆದೆ. ವಾರದೊಳಗೆ ಬುಡ ಕೊಳೆಯಿತು. ಅದು ಬಾಯಾರಿಕೆಯಲ್ಲ, ಒಣಗಾಲದ ವಿಶ್ರಾಂತಿ. ಉದುರಿದ ಗಟ್ಟಿ ಎಲೆಗಳನ್ನು ತೇವದ ಮರಳಿನ ಮೇಲೆ ಮಲಗಿಸಿದ್ದರಿಂದ ಕೆಲವು ವಾರಗಳಲ್ಲಿ ಅವುಗಳ ಬುಡದಲ್ಲಿ ಅಕ್ಕಿಕಾಳಿನಷ್ಟು ಮರಿಗಳು ಮೂಡಿದವು.

ತೊಳೆದ ದಪ್ಪ ಮರಳು, ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು, ಜೊತೆಗೆ ಸ್ವಲ್ಪವೇ ತೆಂಗಿನ ನಾರಿನ ಪುಡಿ ಸಾಕು. ಗೊಬ್ಬರ ಬೇಡವೇ ಬೇಡ. ಸುಣ್ಣಕ್ಕೆ ಈ ಗಿಡ ಅಷ್ಟಾಗಿ ಅಂಜದಿದ್ದರೂ, ನಮ್ಮ ಕೊಳವೆಬಾವಿಯ ನೀರಿನ ಉಪ್ಪು ಕುಂಡದಲ್ಲಿ ಕೂಡುತ್ತಾ ಹೋಗುವುದರಿಂದ, ಮಳೆನೀರನ್ನು ಹಿಡಿದಿಟ್ಟುಕೊಳ್ಳುವುದು ಲೇಸು. ಏಪ್ರಿಲ್‌ನ ಬಿಸಿಲಲ್ಲಿ ತಾರಸಿಯ ಮೇಲೆ ಇಟ್ಟರೆ ಒಂದು ಮಧ್ಯಾಹ್ನದಲ್ಲಿ ಸುಟ್ಟುಹೋದೀತು. ಪೂರ್ವದ ಕಿಟಕಿಯ ಎಳೆಬಿಸಿಲು ಹಿತ.

ಹೂವಿನ ಮಾತು ಉಳಿಯಿತು. ಮೊರಾನೆನ್ಸಿಸ್ ಎಂಬ ಪ್ರಭೇದ ಕೆಳಗಿನ ಅಂಟಿನಿಂದ ದೂರವಾಗಿ ಉದ್ದನೆಯ ತೊಟ್ಟನ್ನು ಎತ್ತಿ, ಹಿಂಬದಿಗೆ ಮಕರಂದದ ಬಾಲವುಳ್ಳ ನೇರಳೆ ಹೂವೊಂದನ್ನು ಅರಳಿಸುತ್ತದೆ. ಅದು ವಾರಕ್ಕೂ ಮೀರಿ ಬಾಡದೆ ನಿಲ್ಲುತ್ತದೆ. ವಿಶ್ರಾಂತಿ ಮುಗಿಸಿದ ಗಿಡದ ನಡುವಿನಿಂದ ಅಗಲವಾದ ಹೊಸ ಎಲೆಯೊಂದು ಹೊಮ್ಮಿ ಇಬ್ಬನಿಯಂತೆ ಮಿನುಗಿದ ದಿನ, ಮತ್ತೆ ಕುಂಡದಡಿಯ ತಟ್ಟೆಗೆ ನೀರು ಹಾಕಲು ತೊಡಗಿರಿ. ನಮಸ್ಕಾರ.