ರಾಜ್ಯೋತ್ಸವ ಜನವರಿ 11ಕ್ಕೆ ಬಂದಾಗ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಬಸವನಗುಡಿಗೆ ಬಂದು, ಗಾಂಧಿ ಬಜಾರಿನಲ್ಲಿ ದೋಸೆ ತಿನ್ನುವುದು ಬಿಟ್ಟು, ಎಕ್ಸೆಲ್ ದಿನಾಂಕದ ಬಗ್ಗೆ ಕೇಳೋಕೆ ಕೂತಿದ್ದೀರಿ. ತಿಂದೇ ಬಂದವರು ಯಾರು ಅಂತ ಮುಖ ನೋಡಿದರೆ ಗೊತ್ತಾಗುತ್ತೆ. ಅವರು ತೂಕಡಿಸಿದರೆ ನನಗೇನೂ ಬೇಜಾರಿಲ್ಲ.

ಇಲ್ಲಿರುವವರು ಹೆಚ್ಚಿನವರು ಪ್ರೋಗ್ರಾಂ ಬರೆಯುವವರೇ. ಮಾಹಿತಿಯನ್ನು ಫೈಲ್ ಮಾಡಿ ಹೊರಗೆ ಕೊಡುವ ಎಕ್ಸ್‌ಪೋರ್ಟ್ ಬಟನ್ ಅಂದರೇನು ಅಂತ ಹೇಳಬೇಕಾಗಿಲ್ಲ. ಅದನ್ನು ನಾವೆಲ್ಲ ಕೊನೆಯ ದಿನ ಸಂಜೆ, ಮನೆಗೆ ಹೊರಡುವ ಅವಸರದಲ್ಲಿ ಬರೆಯುತ್ತೇವೆ, ಅಲ್ವಾ? ನಾನೂ ಹಾಗೇ ಬರೆದೆ.

ಒಂದು ಸಣ್ಣ ಸಹಕಾರ ಸಂಘ. ಹೆಸರು ಬೇಡ, ತಪ್ಪು ಅವರದ್ದಲ್ಲ. ಎಫ್‌ಡಿ ಇಟ್ಟವರ ಪಟ್ಟಿ ಎಕ್ಸೆಲ್‌ನಲ್ಲಿ ಬೇಕು ಅಂದರು. ನಾನು ಸಿಎಸ್‌ವಿ ಫೈಲ್ ಕೊಟ್ಟೆ, ಅಂದರೆ ಕಾಮಾ ಹಾಕಿ ಬೇರ್ಪಡಿಸಿದ ಬರೀ ಅಕ್ಷರಗಳ ಫೈಲ್. ದಿನಾಂಕದಲ್ಲಿ ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ, ನಾವೆಲ್ಲ ಬರೆಯುವ ಹಾಗೆ. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ, ಸರಿಯಾಗಿತ್ತು. ಬಿಲ್ ಕೊಟ್ಟು ಬಂದೆ.

ಆರು ತಿಂಗಳಾದ ಮೇಲೆ ಅಲ್ಲಿನ ಅಕೌಂಟೆಂಟ್ ಮೇಡಂ ಫೋನ್ ಮಾಡಿದರು. ‘ಸರ್, ಸ್ವಲ್ಪ ಬಂದು ಹೋಗ್ತೀರಾ? ಒಬ್ಬರು ಯಜಮಾನ್ರು ಬಂದು ಕೂತಿದ್ದಾರೆ, ಏಳ್ತಾನೇ ಇಲ್ಲ.’

ಹೋದೆ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಕವರ್, ಅದರೊಳಗೆ ಎಫ್‌ಡಿ ಬಾಂಡು, ಬಾಂಡಿನ ಮೇಲೆ ನೀಲಿ ಶಾಯಿಯಲ್ಲಿ ಹಣ ವಾಪಸ್ ಸಿಗುವ ದಿನ, 07-03. ಅಂದರೆ ಮಾರ್ಚ್ 7. ಸಂಘದ ಪಟ್ಟಿಯಲ್ಲಿ ಜುಲೈ 3. ‘ನಾಲ್ಕು ತಿಂಗಳು ಎಲ್ಲಿ ಹೋಯ್ತಪ್ಪಾ?’ ಅಂದರು. ಮಗಳ ಮದುವೆಗೆ ಛತ್ರದ ಬಾಕಿ ಕೊಡಬೇಕಿತ್ತಂತೆ. ಬೈದಿದ್ದರೆ ಪರವಾಗಿರಲಿಲ್ಲ. ಅವರು ಬೈಯಲಿಲ್ಲ.

ಆಗಿದ್ದಿಷ್ಟು. ಮೇಡಂ ಕಂಪ್ಯೂಟರಿನಲ್ಲಿ ವಿಂಡೋಸ್ ಅಮೆರಿಕದ ಸೆಟ್ಟಿಂಗಿನಲ್ಲೇ ಇತ್ತು. ಅಮೆರಿಕದವರಿಗೆ ತಿಂಗಳು ಮೊದಲು. ಹಾಗಾಗಿ ಎಕ್ಸೆಲ್ 07-03ನ್ನು ಜುಲೈ 3 ಅಂದುಕೊಂಡಿತು. 25-03 ಬಂದಾಗ? 25ನೇ ತಿಂಗಳು ಇಲ್ಲವಲ್ಲ, ಅದನ್ನು ಬರೀ ಅಕ್ಷರ ಅಂತ ಹಾಗೇ ಬಿಟ್ಟಿತು. ಎಕ್ಸೆಲ್‌ನಲ್ಲಿ ದಿನಾಂಕ ಬಲಕ್ಕೆ ಅಂಟಿಕೊಳ್ಳುತ್ತೆ, ಅಕ್ಷರ ಎಡಕ್ಕೆ. ಒಂದೇ ಕಾಲಂನಲ್ಲಿ ಕೆಲವು ಆ ಕಡೆ, ಕೆಲವು ಈ ಕಡೆ. ಕಣ್ಣಿಗೆ ಹೊಡೆಯುವ ಹಾಗೆ ಇರಬೇಕಿತ್ತು. ‘ಇದು ಕಾಣಲಿಲ್ವಾ ಮೇಡಂ?’ ಅಂದೆ. ‘ಕಾಣ್ತು ಸರ್, ಅಸಹ್ಯವಾಗಿತ್ತು. ಅದಕ್ಕೇ ಎಲ್ಲಾ ಸೆಂಟರ್ ಮಾಡಿಬಿಟ್ಟೆ.’

ನಗಬೇಡಿ. ಇದ್ದ ಒಂದೇ ಸಾಕ್ಷಿಯನ್ನು ಚಂದ ಮಾಡಿ ಅಳಿಸಿದ್ದರು, ನಿಜ. ಆದರೆ ಆ ಅವಕಾಶ ಕೊಟ್ಟವನು ನಾನು. ಯಜಮಾನರಿಗೆ ಲೆಡ್ಜರ್ ನೋಡಿ ಅವತ್ತೇ ಚೆಕ್ ಬರೆದುಕೊಟ್ಟರು. ನಾನು ರಾತ್ರಿ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ತಿಂಗಳಿಗೆ ಮೊದಲ 12 ದಿನ, 12 ತಿಂಗಳು, ಒಟ್ಟು 144. ಅದರಲ್ಲಿ 05-05, 06-06 ಥರದ 12 ದಿನ ತಿರುಗಿಸಿದರೂ ಅದೇ. ಉಳಿದ 132 ದಿನ ಸದ್ದಿಲ್ಲದೆ ಬೇರೆ ದಿನವಾಗುತ್ತವೆ. ನಮ್ಮ ರಾಜ್ಯೋತ್ಸವವೂ ಅದರಲ್ಲಿದೆ. 01-11 ಅಂತ ಬರೆದರೆ ಜನವರಿ 11. ಸಂಕ್ರಾಂತಿಯ ಎಳ್ಳು-ಬೆಲ್ಲದ ಜೊತೆಗೇ ಬಾವುಟವನ್ನೂ ಹಾರಿಸಿಬಿಡಬಹುದು.

ನಾನು ಎಲ್ಲಿ ಹೋದರೂ ಹೇಳುವ ಮಾತು ಒಂದಿದೆ. ಹಿಂದೆ ಕೇಳಿದವರು ಕ್ಷಮಿಸಿ. ದಿನಾಂಕ ಬೇರೆ, ದಿನಾಂಕ ಉಟ್ಟ ಬಟ್ಟೆ ಬೇರೆ. ಎಕ್ಸೆಲ್ ಒಳಗೆ ದಿನಾಂಕ ಅಂದರೆ ಬರೀ ಒಂದು ಸಂಖ್ಯೆ. 1900ರ ಜನವರಿ 1 ಅಂದರೆ 1. ಕರ್ನಾಟಕ ಹುಟ್ಟಿದ 1956ರ ನವೆಂಬರ್ 1 ಅಂದರೆ 20760. ಅದನ್ನು ‘01-11-1956’ ಅಂತ ತೋರಿಸುವುದು, ‘1 ನವೆಂಬರ್’ ಅಂತ ತೋರಿಸುವುದು, ಎಲ್ಲ ಮೇಲಿನ ಬಟ್ಟೆ. ಸಿಎಸ್‌ವಿಯಲ್ಲಿ ನಾವು ಕಳಿಸುವುದು ಬಟ್ಟೆ ಮಾತ್ರ. ಒಳಗೆ ಯಾರಿದ್ದಾರೆ ಅಂತ ಆ ಕಡೆಯ ಎಕ್ಸೆಲ್ ಊಹೆ ಮಾಡಬೇಕು.

ಈ ಸಂಖ್ಯೆಯಲ್ಲೂ ಒಂದು ತಮಾಷೆ ಇದೆ. 60 ಅಂತ ಹಾಕಿ ದಿನಾಂಕ ಮಾಡಿ ನೋಡಿ. 1900ರ ಫೆಬ್ರವರಿ 29 ಅನ್ನುತ್ತೆ. ಅಂಥ ದಿನವೇ ಇರಲಿಲ್ಲ, 1900 ಅಧಿಕ ವರ್ಷ ಅಲ್ಲ. ಎಕ್ಸೆಲ್‌ಗಿಂತ ಮೊದಲು, 1983ರಲ್ಲಿ ಬಂದ ಇಂಥದ್ದೇ ಪ್ರೋಗ್ರಾಂ ಲೋಟಸ್ 1-2-3ರಲ್ಲಿ ಈ ತಪ್ಪಿತ್ತು. ಅದರ ಫೈಲುಗಳು ಇದರಲ್ಲೂ ಸರಿಯಾಗಿ ತೆರೆಯಲಿ ಅಂತ ಎಕ್ಸೆಲ್‌ನವರು ತಪ್ಪನ್ನೂ ಹಾಗೇ ತಂದುಕೊಂಡರು. ಅತ್ತೆಮನೆಯ ಪದ್ಧತಿ ಇದ್ದ ಹಾಗೆ. ಯಾಕೆ ಅಂತ ಯಾರೂ ಕೇಳುವುದಿಲ್ಲ, ನಡೆಸಿಕೊಂಡು ಹೋಗುತ್ತಾರೆ.

ವಿಜ್ಞಾನಿಗಳೂ ಈ ಊಹೆಗೆ ಸೋತಿದ್ದಾರೆ. ಮಾರ್ಚ್1, ಸೆಪ್ಟ್1 ಅಂತ ಮನುಷ್ಯನ ಜೀನ್‌ಗಳಿದ್ದವು. ಎಕ್ಸೆಲ್ ಅವನ್ನು ದಿನಾಂಕ ಮಾಡಿ ಮಾಡಿ, ಕೊನೆಗೆ 2020ರಲ್ಲಿ ಜೀನ್‌ಗಳಿಗೇ ಹೊಸ ಹೆಸರು ಇಟ್ಟರು. ಅವರೇ ಸೋತ ಮೇಲೆ ನಮ್ಮ ಮೇಡಂ ಯಾವ ಲೆಕ್ಕ?

ಹಾಗಾದರೆ ಏನು ಮಾಡೋಣ? ಸಿಎಸ್‌ವಿ ಬಿಟ್ಟು ನೇರವಾಗಿ ಎಕ್ಸೆಲ್‌ನದೇ ಆದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ಬರೆಯಿರಿ. ಅದಕ್ಕೆ ಪೈಥಾನ್ ಭಾಷೆಯಲ್ಲಿ ಓಪನ್‌ಪೈಎಕ್ಸ್‌ಎಲ್ ಅನ್ನುವ ಲೈಬ್ರರಿ, ಅಂದರೆ ಸಿದ್ಧ ಕೋಡ್ ಇದೆ, ಬೇರೆ ಭಾಷೆಗಳಲ್ಲೂ ಇಂಥವು ಇವೆ. ಸೆಲ್‌ಗೆ ದಿನಾಂಕವನ್ನು ದಿನಾಂಕವಾಗಿಯೇ ಕೊಡಿ. ಸ್ಟ್ರಿಂಗ್, ಅಂದರೆ ಬರೀ ಅಕ್ಷರ ಮಾಡಿ ಕೊಡಬೇಡಿ. ಹೇಗೆ ಕಾಣಬೇಕು ಅನ್ನುವುದನ್ನು ಸೆಲ್‌ನ ಫಾರ್ಮ್ಯಾಟಿನಲ್ಲಿ ಹೇಳಿ. ದಿನಾಂಕ ಬೇರೆ, ಬಟ್ಟೆ ಬೇರೆ, ನೋಡಿ, ಮತ್ತೆ ಅಲ್ಲಿಗೇ ಬಂದೆ. ಆಗ ಆ ಕಡೆ ಅಮೆರಿಕದ ಸೆಟ್ಟಿಂಗ್ ಇರಲಿ, ಇಂಡಿಯಾದ್ದಿರಲಿ, ಮಾರ್ಚ್ 7 ಮಾರ್ಚ್ 7ನೇ. ಕೆಲವು ಲೈಬ್ರರಿಗಳಲ್ಲಿ ಫಾರ್ಮ್ಯಾಟ್ ಹೇಳುವುದು ಮರೆತರೆ ಬೆತ್ತಲೆ ಸಂಖ್ಯೆ ಕಾಣುತ್ತೆ. ‘ಸರ್, ದಿನಾಂಕದ ಜಾಗದಲ್ಲಿ 45597 ಅಂತ ಬಂದಿದೆ’ ಅಂತ ಫೋನ್ ಬರುತ್ತೆ. ಬರಲಿ ಬಿಡಿ, ಅದು ಒಳ್ಳೆಯ ಫೋನ್. ತಪ್ಪು ಕಾಣುತ್ತಿದೆಯಲ್ಲ.

ಸಿಎಸ್‌ವಿಯೇ ಬೇಕು ಅಂತ ಹಟ ಹಿಡಿದರೆ ವರ್ಷ ಮೊದಲು, ತಿಂಗಳು, ಆಮೇಲೆ ದಿನ, 2024-11-01 ಹೀಗೆ. ದಿನಾಂಕ ಬರೆಯೋಕೆ ಐಎಸ್‌ಒ 8601 ಅಂತ ಅಂತರರಾಷ್ಟ್ರೀಯ ಮಾನದಂಡ 1988ರಿಂದಲೇ ಇದೆ. ನಮ್ಮ ಕಣ್ಣಿಗೆ ಒಗ್ಗುವುದಿಲ್ಲ, ಆದರೆ ಎಕ್ಸೆಲ್ ಅಪ್ಪಿತಪ್ಪಿ ತಿರುಗಿಸುವ ಭಯ ತುಂಬಾ ಕಡಿಮೆ.

ಚೀಟಿ ಬಂತು. ಐದು ನಿಮಿಷ ಅಂತೆ. ಇನ್ನೂ ಮೂರು ವಿಷಯ ಬರೆದುಕೊಂಡು ಬಂದಿದ್ದೆ, ಓಡಿಸುತ್ತೇನೆ. ವರ್ಷಕ್ಕೆ ಎರಡೇ ಅಂಕಿ ಕೊಡಬೇಡಿ, ಸುಮ್ನೆ ಬಿಟ್ಟರೆ ಎಷ್ಟೋ ಕಂಪ್ಯೂಟರುಗಳಲ್ಲಿ ಎಕ್ಸೆಲ್‌ಗೆ 30 ಅಂದರೆ 1930, 29 ಅಂದರೆ 2029. 1929ರಲ್ಲಿ ಹುಟ್ಟಿದ ಅಜ್ಜಿ ಇನ್ನೂ ಹುಟ್ಟಬೇಕಷ್ಟೆ. ಎರಡನೆಯದು, ನಮ್ಮ ಮಧ್ಯರಾತ್ರಿ ಅಂದರೆ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಅಳತೆಗೆ ಇಟ್ಟುಕೊಂಡ ಸಮಯದಲ್ಲಿ, ಹಿಂದಿನ ದಿನ ಸಂಜೆ ಆರೂವರೆ. ಹುಟ್ಟಿದ ದಿನಕ್ಕೆ ಗಂಟೆ ಅಂಟಿಸಿ ಕಳಿಸಿದರೆ ಒಂದು ದಿನ ಹಿಂದೆ ಜಾರುತ್ತೆ. ಮೂರನೆಯದು ಮ್ಯಾಕ್‌ನ 1904ರ ಕಥೆ, ಹಳೆಯ ಮ್ಯಾಕ್ ಎಕ್ಸೆಲ್ ದಿನ ಎಣಿಸೋಕೆ 1900ರ ಬದಲು 1904ರಿಂದ ಶುರು ಮಾಡುತ್ತಿತ್ತು, ಅದರಲ್ಲಿ 1462 ದಿನ ವ್ಯತ್ಯಾಸ ಬರುತ್ತೆ. ಕಾಫಿ ಕುಡಿಯುವಾಗ ಕೇಳಿ, ಹೇಳುತ್ತೇನೆ.

ಎರಡನೇ ಸಾಲಿನಲ್ಲಿ ಕೈ ಎತ್ತಿದ್ದೀರಿ, ಹೇಳಿ. ಫೈಲ್ ತಂದಿದ್ದೀರಾ? ಒಳ್ಳೆಯದಾಯ್ತು. ದಿನಾಂಕ ಎಡಕ್ಕಿದೆಯಾ, ಬಲಕ್ಕಿದೆಯಾ? ಏನು, ಸೆಂಟರ್ ಮಾಡಿದ್ದೀರಾ! ಬನ್ನಿ ಇಲ್ಲಿ, ಮೊದಲು ಅದನ್ನು ತೆಗೆಯೋಣ.