ಗಂಟಲ ಸುತ್ತ ಕಟ್ಟಿಕೊಂಡ ಮಿದುಳು

ಗೆಳೆಯರೆ,

ಪರದೆಯ ಮೇಲೆ ಕಾಣುವ ಬಿಳಿ ಬೆರಳುಗಳು ಸ್ಕ್ವಿಡ್ ಮೊಟ್ಟೆಗಳ ಲೋಳೆಚೀಲಗಳು. ಕರಾವಳಿಯವರಿಗೆ ಸ್ಕ್ವಿಡ್ ಅಂದರೆ ಬೊಂಡಾಸ್, ಹೆಚ್ಚು ಪರಿಚಯ ಬೇಡ. ಆದರೆ ಇವು ಮಲ್ಪೆಯವಲ್ಲ. ಅಮೆರಿಕದ ಪೂರ್ವ ಕರಾವಳಿಯ ಡೊರಿಟ್ಯೂಥಿಸ್ ಪೀಲಿಯೈ ಎಂಬ ಜಾತಿ. ವುಡ್ಸ್ ಹೋಲ್‌ನ ಸಾಗರ ಜೀವವಿಜ್ಞಾನ ಪ್ರಯೋಗಾಲಯ ದಶಕಗಳಿಂದ ಇದರ ಬೆನ್ನು ಹತ್ತಿದೆ.

ಬೆನ್ನು ಹತ್ತಿದ್ದು ಮೊದಮೊದಲು ಇದರ ದೈತ್ಯ ನರತಂತುವಿಗಾಗಿ. ಇಂಥದೇ ತಂತುವಿನೊಳಗೆ 1939ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ವಿದ್ಯುದ್ವಾರ ತೂರಿಸಿ ನರದ ವಿದ್ಯುತ್ ಸಂಕೇತವನ್ನು ಅಳೆದರು. 1963ರಲ್ಲಿ ನೊಬೆಲ್ ಬಂತು. ಆ ದಪ್ಪ ತಂತು ಒಂದೇ ಕೋಶದ್ದಲ್ಲ ಅನ್ನುವುದನ್ನು ಮಾತ್ರ ಪಠ್ಯಪುಸ್ತಕಗಳು ಹೇಳಲು ಮರೆಯುತ್ತವೆ. ನೂರಾರು ಪುಟ್ಟ ನರಕೋಶಗಳ ಎಳೆಗಳು ಒಂದರಲ್ಲೊಂದು ಬೆಸೆದು ಹಾಗಾಗುತ್ತದೆ.

ಈಗ ಮೊಟ್ಟೆಯೊಳಗೆ ಬನ್ನಿ. ಬಸವನಹುಳು, ಚಿಪ್ಪುಮೀನು ಇದರ ನೆಂಟರು. ಅವುಗಳ ಭ್ರೂಣ ಇಡಿಯಾಗಿ ಸುರುಳಿ ಕ್ರಮದಲ್ಲಿ ಹೋಳಾಗುತ್ತ ಹೋಗುತ್ತದೆ. ಸ್ಕ್ವಿಡ್ ಈ ಮನೆತನದ ಪದ್ಧತಿಯನ್ನು ಕೈಬಿಟ್ಟಿದೆ. ಮೊಟ್ಟೆಯ ತುಂಬ ಆಹಾರದ ಭಂಡಾರ. ಅದರ ಒಂದು ತುದಿಯಲ್ಲಿ ಮಾತ್ರ ಕೋಶಗಳು ಒಡೆದು, ಭಂಡಾರದ ಮೇಲೆ ತೆಳ್ಳೇವಿನಂತೆ, ಅಂದರೆ ತೆಳು ದೋಸೆಯಂತೆ ಹರಡಿಕೊಳ್ಳುತ್ತವೆ. ಆ ತೆಳ್ಳೇವಿನ ನಡುವೆ ಮುಂದೆ ಮೈಚೀಲವಾಗುವ ಉಬ್ಬು. ಎರಡು ಪಕ್ಕದಲ್ಲಿ ಎರಡು ಕಣ್ಣು. ಅಂಚಿನಲ್ಲಿ ತೋಳುಗಳ ಮೊಗ್ಗು. ಪ್ರಾಣಿಯೊಂದನ್ನು ಬಿಚ್ಚಿ ತಟ್ಟೆಗೆ ಹರವಿದಂತೆ! ಆಮೇಲೆ ನಡುಭಾಗ ಮೇಲೆದ್ದು, ಅಂಚು ಒಳಸರಿದು, ಮೂರು ಆಯಾಮದ ಮರಿ ಎದ್ದು ನಿಲ್ಲುತ್ತದೆ.

ಮಿದುಳು ಎಲ್ಲಿಂದ ಬರುತ್ತದೆ? ನಮ್ಮಲ್ಲಿ ಬೆನ್ನಿನ ಕಡೆಯ ಕೋಶಪದರ ಮಡಿಸಿಕೊಂಡು ಕೊಳವೆಯಾಗುತ್ತದೆ; ಮಿದುಳು, ಬೆನ್ನುಹುರಿ ಎರಡೂ ಅದರಿಂದ. ಸ್ಕ್ವಿಡ್‌ಗೆ ಆ ಕೊಳವೆ ಇಲ್ಲ. ಅಲ್ಲೊಂದು ಇಲ್ಲೊಂದು ನರಕೋಶಗಳ ಗುಂಪು ಮೂಡಿ, ಅನ್ನನಾಳದ ಸುತ್ತ ಒಟ್ಟುಗೂಡಿ ಉಂಗುರವಾಗುತ್ತವೆ. ಹಾಗಾಗಿ ಬೆಳೆದ ಸ್ಕ್ವಿಡ್ ನುಂಗುವ ತುತ್ತು ಮಿದುಳಿನ ನಡುವೆಯೇ ದಾಟಬೇಕು. ಒಳ್ಳೆಯ ಎಂಜಿನಿಯರ್ ಯಾರೂ ಇಂಥ ನಕ್ಷೆ ಒಪ್ಪಲಾರ.

ಆ ಕೋಶಗಳ ತವರು ಯಾವುದೆಂಬುದು ಬಹುಕಾಲ ಒಗಟಾಗಿತ್ತು. ಆಕ್ಟೋಪಸ್ ಭ್ರೂಣದಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು 2021ರಲ್ಲಿ ಉತ್ತರ ಕೊಟ್ಟರು. ನರಕೋಶಗಳು ಹುಟ್ಟುವುದು ಮಿದುಳಿನ ಜಾಗದಲ್ಲಲ್ಲ, ಕಣ್ಣಿನ ಸುತ್ತಲಿನ ತುಟಿಯಂಥ ಪಟ್ಟಿಯಲ್ಲಿ. ಅಲ್ಲಿಂದ ಗುಳೆ ಹೊರಟು ಮಿದುಳು ಸೇರುತ್ತವೆ. ನಮ್ಮ ಮಿದುಳಿನ ತೊಗಟೆಯ ಕೋಶಗಳೂ ಹೀಗೆ ದೂರ ನಡೆದು ಬಂದವೇ. ಆ ಪಟ್ಟಿಯಲ್ಲಿ ಎಚ್ಚೆತ್ತಿರುವ ಆಸ್ಕ್ಲ್1, ನ್ಯೂರೋಜೆನಿನ್ ಜೀನುಗಳ ಬಳಗವೂ ನಮ್ಮಲ್ಲಿದೆ.

ಮರುವರ್ಷ ಹಾರ್ವರ್ಡ್‌ನವರು ಈ ಸ್ಕ್ವಿಡ್‌ನ ಅಕ್ಷಿಪಟ, ಅಂದರೆ ಕಣ್ಣಿನೊಳಗೆ ಬೆಳಕು ಗ್ರಹಿಸುವ ಪದರ, ಬೆಳೆಯುವುದನ್ನು ಜೀವಂತವಾಗಿಯೇ ಚಿತ್ರಿಸಿದರು. ಉದ್ದುದ್ದ ಕೋಶಗಳು ಒತ್ತೊತ್ತಾಗಿ ನಿಂತಿವೆ. ಪ್ರತಿ ಕೋಶದೊಳಗೆ ಕೋಶಕೇಂದ್ರ ಬಾವಿಯ ಕೊಡದಂತೆ ಇಳಿಯುತ್ತದೆ, ಏರುತ್ತದೆ. ಒಂದು ತುದಿ ಮುಟ್ಟಿದಾಗಲಷ್ಟೇ ಕೋಶ ಎರಡಾಗುತ್ತದೆ. ನಮ್ಮಂಥ ಬೆನ್ನೆಲುಬಿನ ಪ್ರಾಣಿಗಳ ಅಕ್ಷಿಪಟದಲ್ಲೂ ಇದೇ ಆಟ. ನಮಗೂ ಸ್ಕ್ವಿಡ್‌ಗೂ ಸಮಾನ ಪೂರ್ವಜ ಇದ್ದದ್ದು 50 ಕೋಟಿ ವರ್ಷಕ್ಕೂ ಹಿಂದೆ, ಅದಕ್ಕೆ ಇಂಥ ಕಣ್ಣೇ ಇರಲಿಲ್ಲ. ಎರಡು ವಂಶಗಳು ಬೇರೆಬೇರೆಯಾಗಿ ಕಣ್ಣು ಕಟ್ಟಿ, ಕೆಲಸದ ವರಸೆಯನ್ನು ಮಾತ್ರ ಒಂದೇ ಇಟ್ಟುಕೊಂಡಿವೆ. ನನಗಂತೂ ಇದು ಜೀನುಗಳ ಹೋಲಿಕೆಗಿಂತ ದೊಡ್ಡ ಬೆರಗು.

ಇನ್ನು ಜೀನು ತಿದ್ದುವ ಕೆಲಸ. ಮೊಟ್ಟೆಯ ಹೊರಪೊರೆ ಎಷ್ಟು ಗಟ್ಟಿಯೆಂದರೆ ಸೂಜಿಯೇ ಮುರಿಯುತ್ತದೆ. ವುಡ್ಸ್ ಹೋಲ್‌ನವರು ಸೂಕ್ಷ್ಮ ಕತ್ತರಿಯಿಂದ ಪೊರೆಗೆ ಸಣ್ಣ ಗಾಯ ಮಾಡಿ ಸೂಜಿ ತೂರಿಸಿದರು; 2020ರಲ್ಲಿ ಬಣ್ಣದ ಜೀನೊಂದನ್ನು ಕೆಡಿಸಿದರು. ಕಣ್ಣಲ್ಲೂ ಚರ್ಮದಲ್ಲೂ ಬಣ್ಣ ಬಾರದ, ಗಾಜಿನಂಥ ಮರಿಗಳು ಬಂದವು. ಬೆಳೆಯುವ ನರಗಳನ್ನು ಇಣುಕಲು ಇದಕ್ಕಿಂತ ಒಳ್ಳೆಯ ಕಿಟಕಿ ಯಾವುದು?

ಕೊನೆಗೆ ಇನ್ನೊಬ್ಬ ನೆಂಟ, ಸೆಪಿಯಾ ಎಂಬ ಕಟ್ಲ್‌ಫಿಶ್. ತಾಯಿಯ ಶಾಯಿ ಬೆರೆತು ಕರಿದ್ರಾಕ್ಷಿಯಂತಿರುವ ಇದರ ಮೊಟ್ಟೆ ಒಡೆಯುವ ಹೊತ್ತಿಗೆ ಹಿಗ್ಗಿ ಪಾರದರ್ಶಕವಾಗುತ್ತದೆ. ಫ್ರಾನ್ಸಿನ ಸಂಶೋಧಕರು ಆ ದಿನಗಳಲ್ಲಿ ಮೊಟ್ಟೆಗಳ ಪಕ್ಕದಲ್ಲಿ ಏಡಿಗಳನ್ನಿಟ್ಟರು, ಕಾಣುವಷ್ಟು ಹತ್ತಿರ, ಮುಟ್ಟಲಾಗದಷ್ಟು ದೂರ. ಈ ಮರಿಗಳಿಗೆ ಸಹಜವಾಗಿ ಸಿಗಡಿಯೇ ಇಷ್ಟ. ಮೊಟ್ಟೆಯೊಳಗಿಂದ ಏಡಿ ಕಂಡಿದ್ದವು ಮಾತ್ರ ಹೊರಬಂದ ಮೇಲೆ ಸಿಗಡಿ ಬಿಟ್ಟು ಏಡಿಯ ಮೇಲೆ ಎರಗಿದವು.